ಅರವತ್ತೆರಡು ಚೀಲವೂ ಅಲ್ಲ, ಮೇಸ್ತ್ರಿ ಕಳ್ಳನೂ ಅಲ್ಲ

ಅಳಿಯಾ, ಬೆಳಿಗ್ಗೆ ನೀನು ಗುಂಪಿನಲ್ಲಿ ಹಾಕಿದ ಲೆಕ್ಕವನ್ನು ಈಗ ನೋಡಿದೆ. ಹತ್ತು ಚದರದ ತಾರಸಿಗೆ 62 ಚೀಲ ಸಿಮೆಂಟ್ ಸಾಕು, ಮೇಸ್ತ್ರಿ 130 ಕೇಳುತ್ತಿದ್ದಾನೆ, ಅರ್ಧಕ್ಕರ್ಧ ನುಂಗುತ್ತಿದ್ದಾನೆ ಎಂದು ಬರೆದಿದ್ದೀಯ. ಅಕ್ಕನೂ ಕೆಳಗೆ ಕೋಪದ ಮುಖ ಹಾಕಿದ್ದಾಳೆ. ಇದು ಟೈಪ್ ಮಾಡಿ ಮುಗಿಯುವ ಮಾತಲ್ಲ, ಅದಕ್ಕೇ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದೇನೆ. ಕಾಗದ, ಪೆನ್ನು ತೆಗೆದುಕೊ.

ನಿನ್ನ ಗುಣಾಕಾರ ಸರಿಯಾಗಿಯೇ ಇದೆ. 1000 ಚದರ ಅಡಿ, ಐದು ಅಂಗುಲ ದಪ್ಪ. 417 ಘನ ಅಡಿ, ಸುಮಾರು 11.8 ಘನ ಮೀಟರ್. ತಾರಸಿಗೆ ಹಾಕುವ ಎಂ20 ದರ್ಜೆಯ ಕಾಂಕ್ರೀಟ್ ಎಂದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. ಒಟ್ಟು ಐದೂವರೆ ಪಾಲು. ಎಡವಿದ್ದು ಇದರ ಮುಂದೆ, 11.8 ಅನ್ನು ನೇರವಾಗಿ ಐದೂವರೆ ಪಾಲು ಮಾಡಿಬಿಟ್ಟೆ. ಒಂದು ಸೇರು ಕಡಲೆಕಾಳಿಗೆ ಅರ್ಧ ಸೇರು ರಾಗಿ ಸುರಿದು ಅಲ್ಲಾಡಿಸಿ ನೋಡು. ಒಂದೂವರೆ ಸೇರು ಆಗುತ್ತದೆಯೇ? ರಾಗಿ ಸಂದಿಗೆ ಇಳಿದುಬಿಡುತ್ತದೆ. ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟ್ ಇಳಿಯುವುದೂ ಹೀಗೆಯೇ. ಆದ್ದರಿಂದ ಹಾಕಬೇಕಾದ ಕಾಂಕ್ರೀಟಿನ ಅಳತೆಯನ್ನು 1.54ರಿಂದ ಗುಣಿಸಿ, ಆಮೇಲೆ ಪಾಲು ಮಾಡಬೇಕು. ನಿನ್ನ 62 ಅಲ್ಲಿಗೇ 95 ಆಯಿತು. ಇಷ್ಟೆಲ್ಲ ಬೇಡವೆಂದರೆ ಎಂ20ಗೆ ಘನ ಮೀಟರಿಗೆ ಎಂಟು ಚೀಲ ಎಂದು ಹಿಡಿ.

ಇನ್ನು ಬೀಮು. ನಿನ್ನ ಹಾಳೆಯಲ್ಲಿ ಅದರ ಸುದ್ದಿಯೇ ಇಲ್ಲ! ನೀನು ಕಳಿಸಿದ ನಕ್ಷೆಯಲ್ಲಿ ಎಲ್ಲ ಬೀಮು ಸೇರಿ 140 ಅಡಿ ಉದ್ದವಿದೆ, ಒಂಬತ್ತು ಅಂಗುಲ ಅಗಲ, ತಾರಸಿಯ ತಳದಿಂದ ಕೆಳಕ್ಕೆ ಒಂದಡಿ. ಪೂರ್ತಿ ಆಳ ಹಿಡಿಯಬೇಡ, ಮೇಲಿನ ಐದು ಅಂಗುಲ ಆಗಲೇ ತಾರಸಿಯ ಲೆಕ್ಕದಲ್ಲಿ ಸೇರಿದೆ. 105 ಘನ ಅಡಿ, ಅಂದರೆ ಮೂರು ಘನ ಮೀಟರ್, 24 ಚೀಲ. ಒಟ್ಟು 119. ಚೆಲ್ಲುವುದು, ಹಲಗೆ ಸಂದಿಯಲ್ಲಿ ಸೋರುವುದು ಎಂದು ನೂರಕ್ಕೆ ಐದು ಸೇರಿಸಿದರೆ 125. ಪಾಪ, ಮೇಸ್ತ್ರಿಯ ಮೇಲೆ ಏಕೆ ಹಾರಾಡುತ್ತೀಯ?

ಒಂದು ನಿಮಿಷ, ಕುಕ್ಕರ್ ಕೂಗುತ್ತಿದೆ. ಹಾಂ, ಹೇಳು... ಅಲ್ಲ, ನಾನೇ ಹೇಳಬೇಕು.

ಚೀಲ ನುಂಗುವುದು ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯಲು ಕೆಳಗೆ ಕಟ್ಟುವ ಹಲಗೆಯ ಅಚ್ಚು. ಅದು ಅಲ್ಲಲ್ಲಿ ತಗ್ಗಾಗಿ, ಐದು ಅಂಗುಲ ಇರಬೇಕಾದದ್ದು ಸರಾಸರಿ ಐದೂವರೆಯಾದರೆ ಒಂಬತ್ತು ಚೀಲಕ್ಕೂ ಹೆಚ್ಚು ಸುಮ್ಮನೆ ಹೋಗುತ್ತದೆ. ಹಿಂದಿನ ದಿನವೇ ದಾರ ಕಟ್ಟಿ ಮಟ್ಟ ನೋಡು. ಮೇಸ್ತ್ರಿಯನ್ನು ಕಾಯುವುದಕ್ಕಿಂತ ಅದನ್ನು ಕಾಯುವುದರಲ್ಲಿ ಲಾಭವಿದೆ.

ಕಡಿಮೆ ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಕಟ್ಟಿಸುವಾಗ ನಾನೂ ನಿನ್ನಷ್ಟೇ ಬುದ್ಧಿವಂತನಾಗಿದ್ದೆ. ಭಾನುವಾರ ಸಂಜೆ ಐದಕ್ಕೆ ಏಳು ಚೀಲ ಸಾಲದಾಯಿತು, ಅಂಗಡಿಗಳು ಮುಚ್ಚಿದ್ದವು. ಮುಕ್ಕಾಲು ಚದರದ ಮೂಲೆಯನ್ನು ಮರುದಿನ ಹಾಕಿದೆವು. ಹಳೆಯದೂ ಹೊಸದೂ ಸರಿಯಾಗಿ ಕೂಡಿಕೊಳ್ಳಲೇ ಇಲ್ಲ. ಮಳೆಗಾಲದಲ್ಲಿ ನಿನ್ನ ಅತ್ತೆ ಆ ಗೆರೆಯ ಕೆಳಗೆ ಪಾತ್ರೆ ಇಡುವುದನ್ನು ನೀನೇ ನೋಡಿದ್ದೀಯ.

ಆದ್ದರಿಂದ 130 ತರಿಸು. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, 235 ಘನ ಅಡಿ, ಜಲ್ಲಿ 470 ಬೇಕಾಗುತ್ತದೆ. ಒಡೆಯದ ಚೀಲವನ್ನು ವಾಪಸು ತೆಗೆದುಕೊಳ್ಳುವಂತೆ ಅಂಗಡಿಯಲ್ಲಿ ಮೊದಲೇ ಮಾತಾಡಿಕೊ. ಕಲಸಿಯೇ ಲಾರಿಯಲ್ಲಿ ತರುವ ರೆಡಿಮಿಕ್ಸ್ ಕಾಂಕ್ರೀಟ್ ಆದರೆ ಒಟ್ಟು ಹದಿನೈದೂವರೆ ಘನ ಮೀಟರ್ ಬೇಕು. ಆರು ಘನ ಮೀಟರಿನ ಎರಡು ಲಾರಿ ತುಂಬಿಸಿಕೊಂಡು ತರಿಸು. ಎರಡನೆಯದು ಖಾಲಿಯಾಗುತ್ತಿರುವಾಗ ಉಳಿದ ಜಾಗವನ್ನು ಟೇಪಿನಲ್ಲಿ ಅಳೆದು ಮೂರನೆಯದಕ್ಕೆ ಎಷ್ಟೆಂದು ಹೇಳು.

ಅಂದ ಹಾಗೆ, ಮೇಸ್ತ್ರಿಗೆ ಇನ್ನೂ ಏನೂ ಅಂದಿಲ್ಲ ತಾನೆ? ಅಂದುಬಿಟ್ಟಿದ್ದರೆ ತಾರಸಿಯ ದಿನದ ಊಟಕ್ಕೆ ಹೋಳಿಗೆ ಮಾಡಿಸಲು ಅಕ್ಕನಿಗೆ ಹೇಳು.