‘ಉದ್ದೇಶಿತ ಚಿಕಿತ್ಸೆ’ ಅಂದರೆ ಯಾವ ಚಿಕಿತ್ಸೆ?

ಎಲ್ಲರಿಗೂ ನಮಸ್ಕಾರ.

ಅನ್ನನಾಳ ಮತ್ತು ಜಠರದ ಕ್ಯಾನ್ಸರ್ ಆದವರ ಮನೆಯವರಿಗೆ ಅಂತ ಇಲ್ಲಿ ಶಿವಮೊಗ್ಗದಲ್ಲಿ ಒಂದು ಕಿರುಹೊತ್ತಿಗೆ ತಯಾರಾಗುತ್ತಿದೆ. ಕನ್ನಡ ತಿದ್ದುವ ಕೆಲಸ ನನ್ನದು. ಅದರಲ್ಲಿ ಟಾರ್ಗೆಟೆಡ್ ಥೆರಪಿಗೆ ‘ಉದ್ದೇಶಿತ ಚಿಕಿತ್ಸೆ’ ಎಂದಿದೆ. ಪೇಪರಿನಲ್ಲಿ ಉದ್ದೇಶಿತ ರಸ್ತೆ, ಉದ್ದೇಶಿತ ಕಾಮಗಾರಿ ಅಂತ ಓದುವವರಿಗೆ ಇದು ಇನ್ನೂ ಶುರುವೇ ಆಗದ ಚಿಕಿತ್ಸೆ! ತೀರ್ಥಹಳ್ಳಿ ಕಡೆಯ ಒಬ್ಬರು ಕರಡು ಓದಿ, “ಹಾಗಾದ್ರೆ ಇದು ಯಾವಾಗ ಬರ್ತದೆ?” ಎಂದೇ ಕೇಳಿದರು.

ಕೀಮೋ ಬೇಗ ಬೇಗ ಹೆಚ್ಚುವ ಕೋಶಗಳನ್ನೆಲ್ಲ ಹೊಡೆಯುತ್ತದೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಅದಕ್ಕೇ. ಟಾರ್ಗೆಟೆಡ್ ಥೆರಪಿಯಲ್ಲಿ ಕೊಡುವ ಟ್ರಾಸ್ಟುಜುಮಾಬ್ ಎಂಬ ಔಷಧ ಹಾಗಲ್ಲ. ಹರ್-ಟು ಎಂಬ ಪ್ರೋಟೀನ್ ಮೈಮೇಲೆ ಜಾಸ್ತಿ ಇರುವ ಕೋಶಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಜಠರದ ಕ್ಯಾನ್ಸರ್ ಇರುವ ಐದಾರು ಜನರಲ್ಲಿ ಒಬ್ಬರಿಗಷ್ಟೇ ಹೀಗಿರುತ್ತದೆ. ಆದ್ದರಿಂದ ಮೊದಲು ಬಯಾಪ್ಸಿ ತುಣುಕಿನಲ್ಲಿ ಅದನ್ನು ನೋಡಬೇಕು.

‘ಗುರಿಬಾಣ ಚಿಕಿತ್ಸೆ’ ಅನ್ನೋಣ ಎಂದು ಗೆಳೆಯರೊಬ್ಬರು ಹೇಳಿದರು. ಕೇಳಲು ಚೆನ್ನ, ಆದರೆ ನನಗೆ ಒಪ್ಪಿಗೆಯಿಲ್ಲ. ಜನರಿಗೆ ರಾಮಬಾಣ ನೆನಪಾಗುತ್ತದೆ. 2010ರಲ್ಲಿ ಪ್ರಕಟವಾದ ಟೋಗಾ ಅಧ್ಯಯನದಲ್ಲಿ, ಕಾಯಿಲೆ ಬಲಿತ, ಹರ್-ಟು ಜಾಸ್ತಿ ಇರುವ ರೋಗಿಗಳಿಗೆ ಕೀಮೋ ಜೊತೆ ಈ ಔಷಧವನ್ನೂ ಕೊಟ್ಟಾಗ ಬದುಕಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಬದುಕಿದ ಅವಧಿ) 11.1 ತಿಂಗಳಿಂದ 13.8ಕ್ಕೆ ಏರಿತು. ಆ ತಿಂಗಳುಗಳು ಮನೆಯವರಿಗೆ ದೊಡ್ಡವು, ನಿಜ. ಆದರೆ ಇಲ್ಲದ ಭರವಸೆಯನ್ನು ಹೆಸರಿನಲ್ಲೇ ಕೊಡಬಾರದು, ಅಲ್ವಾ? ನನಗೆ ‘ಗುರಿಯಿಟ್ಟ ಚಿಕಿತ್ಸೆ’ ಹಿಡಿಸಿದೆ.

ಇಂಥ, ಜೀವಕೋಶಗಳಲ್ಲಿ ತಯಾರಾಗುವ ಔಷಧಕ್ಕೆ ಇಂಗ್ಲಿಷಿನಲ್ಲಿ ಬಯಾಲಜಿಕ್ ಅಂತಾರೆ. ಅದಕ್ಕೆ ಕಿರುಹೊತ್ತಿಗೆಯಲ್ಲಿ ‘ಜೈವಿಕ ಔಷಧ’ ಎಂದಿರುವುದು ಇನ್ನೂ ಕಷ್ಟ. ಅಡಿಕೆ ತೋಟದವರಿಗೆ ಜೈವಿಕ ಅಂದರೆ ಗೊಬ್ಬರ, ಕೆಮಿಕಲ್ ಇಲ್ಲದ್ದು. ಕ್ಯಾನ್ಸರ್ ಅಂದ ಕೂಡಲೇ ನಾಟಿ ಮದ್ದು ಹುಡುಕಿಕೊಂಡು ಹೋಗುವವರೂ ನಮ್ಮ ಕಡೆ ಇದ್ದಾರೆ. ಇದೂ ಸೊಪ್ಪು-ಬೇರಿನದು, ಏನೂ ತೊಂದರೆಯಿಲ್ಲ ಅಂದುಕೊಂಡುಬಿಡುತ್ತಾರೆ. ಟ್ರಾಸ್ಟುಜುಮಾಬ್ ತಯಾರಾಗುವುದು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಜೀವಕೋಶಗಳಲ್ಲಿ. ಹೃದಯದ ಬಲ ಕುಗ್ಗಿಸಲೂಬಹುದು, ಅದಕ್ಕೇ ಆಗಾಗ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ. ‘ಜೀವಕೋಶಗಳಲ್ಲಿ ತಯಾರಿಸಿದ ಔಷಧ’ ಎಂದು ಉದ್ದಕ್ಕೇ ಬರೆದರೆ ಹೇಗೆ?

ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷ್ ಹೆಸರೇ ಇರುವುದರಿಂದ ‘ಟಾರ್ಗೆಟೆಡ್ ಥೆರಪಿ’ ಎಂಬುದನ್ನೂ ಪಕ್ಕದಲ್ಲಿ ಉಳಿಸುತ್ತೇನೆ. ನಿಮ್ಮೂರಿನ ನರ್ಸ್‌ಗಳು, ರೋಗಿಗಳ ಮನೆಯವರು ಇದಕ್ಕೆ ಏನಂತಾರೆ? ಕೇಳಿದ್ದರೆ ದಯವಿಟ್ಟು ಬರೆಯಿರಿ.