ಮುಟ್ಟು ನಿಂತ ಮೇಲೆ ನಾಲ್ಕು ಡಾಕ್ಟರು, ನಾಲ್ಕು ಫೈಲು

ಪ್ರಶ್ನೆ:
ನನಗೆ 51. ಮುಟ್ಟು ನಿಂತು 14 ತಿಂಗಳಾಯಿತು. ರಾತ್ರಿ ಮೂರಕ್ಕೆ ಮೈಯೆಲ್ಲ ಧಗಧಗ ಅಂತ ಎಚ್ಚರವಾಗುತ್ತದೆ, ದಿಂಬಿನ ಕವರ್ ಒದ್ದೆ. ಸ್ತ್ರೀರೋಗ ತಜ್ಞೆ ಹಾರ್ಮೋನ್ ಮಾತ್ರೆ ಬರೆದರು. ಬಿಪಿ ನೋಡುವ ಡಾಕ್ಟರಿಗೆ ಅದು ಗೊತ್ತೇ ಇಲ್ಲ! ಫಿಸಿಯೋ ಬೇರೆ, ಡಯಟಿಷಿಯನ್ ಬೇರೆ. ಎಲ್ಲ ಕಡೆ ಮೊದಲಿಂದ ಕಥೆ ಹೇಳಿ ಸಾಕಾಗಿದೆ. ಇವರು ಒಬ್ಬರಿಗೊಬ್ಬರು ಮಾತಾಡುವುದಿಲ್ವಾ?

ಉತ್ತರ 1:
ತಾವಾಗಿಯೇ ಮಾತಾಡುವುದು ಕಡಿಮೆ. ನಾನು ಫ್ಯಾಮಿಲಿ ಡಾಕ್ಟರನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಎಲ್ಲರ ಚೀಟಿಯೂ ಅವರ ಕೈಗೆ. ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೂ ಅವರೇ. ಅದು ಜಾಸ್ತಿಯಾದರೂ ಹೀಗೇ ಬೆವರು, ಎದೆ ಡವಡವ.

ಉತ್ತರ 2:
ನಾನು ಫಾರ್ಮಸಿಸ್ಟ್. ಡಾಕ್ಟರಿಗೆ ತೋರಿಸಲು ಔಷಧಿಗಳ ಪಟ್ಟಿ ಮಾಡುವಾಗ ಸುಮ್ನೆ ಅಂತ ತಗೊಳ್ಳುವ ಗಿಡಮೂಲಿಕೆ ಮಾತ್ರೆಯನ್ನೂ ಸೇರಿಸಿ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಹಾರ್ಮೋನ್ ಮಾತ್ರೆಯ ಕೆಲಸ ಕುಗ್ಗಿಸಬಹುದು. ಬಿಪಿ ಇದ್ದವರಿಗೆ ಹಾರ್ಮೋನ್ ಮಾತ್ರೆ ಬದಲು ಚರ್ಮಕ್ಕೆ ಅಂಟಿಸುವ ಹಾರ್ಮೋನ್ ಪ್ಯಾಚ್ ಕೊಡುವುದೂ ಉಂಟು. ಸ್ತ್ರೀರೋಗ ತಜ್ಞೆಯನ್ನೇ ಕೇಳಿ, ನೀವಾಗಿ ಬದಲಿಸಬೇಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಒಂದು ಒಪ್ಪಿಕೊಳ್ಳುತ್ತೇನೆ. ಕೆಮ್ಮಿದರೆ ಮೂತ್ರ ಸೋರುವುದನ್ನು ಫಿಸಿಯೋಗೆ ಮಾತ್ರ ಹೇಳಿದ್ದೆ. ತಜ್ಞೆಗೆ ಹೇಳೇ ಇಲ್ಲ, ನಾಚಿಕೆ. ಈಗ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯುತ್ತಾ ಕೂತಿದ್ದೇನೆ.