ಪದಚರ್ಚೆ: ಆಪ್ತಸಮಾಲೋಚನೆಯ ‘ರಿಫ್ಲೆಕ್ಷನ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಿಗೆ ನಮಸ್ಕಾರ.

ಕುಡಿತ, ಗಾಂಜಾ, ಮಾತ್ರೆಗಳ ಚಟದಲ್ಲಿ ಸಿಕ್ಕಿಕೊಂಡವರ ಜೊತೆ ಮಾತಾಡಬೇಕಾದ ಸಮಾಲೋಚಕರಿಗೆ, ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಉಡುಪಿಯಲ್ಲಿ ಕೊಡುವ ತರಬೇತಿಯ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇವೆ. ವಿಧಾನ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್, ಅಂದರೆ ಉಪದೇಶಿಸದೆ, ಬದಲಾಗಬೇಕೆಂಬ ಮನಸ್ಸನ್ನು ಎದುರಿನವರ ಮಾತಿನಿಂದಲೇ ಹೊರತರುವ ಮಾತುಕತೆ. ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಸಮಸ್ಯೆಯವರನ್ನು ಮುಂದಿಟ್ಟುಕೊಂಡೇ ಇದನ್ನು ಮೊದಲು ವಿವರಿಸಿದ್ದು. ‘ಸಂದರ್ಶನ’ ಎಂದರೆ ಕೆಲಸದ ಇಂಟರ್‌ವ್ಯೂ ನೆನಪಾಗುವುದರಿಂದ ಆ ಹೆಸರನ್ನು ಹಾಗೆಯೇ ಬಿಟ್ಟಿದ್ದೇವೆ. ಆದರೆ ‘ರಿಫ್ಲೆಕ್ಷನ್’ (ಎದುರಿನವರು ಹೇಳಿದ್ದನ್ನು, ಅದರ ಒಳಗಿನದನ್ನು ಅವರಿಗೇ ಮರಳಿ ಹೇಳುವುದು) ಪದವನ್ನು ಹಾಗೆ ಬಿಡುವಂತಿಲ್ಲ. ತರಬೇತಿಯ ಅರ್ಧ ಹೊತ್ತು ಹೋಗುವುದೇ ಅದನ್ನು ಕಲಿಸುವುದರಲ್ಲಿ.

ಈಗ ಚಾಲ್ತಿಯಲ್ಲಿರುವ ಪದ ‘ಪ್ರತಿಫಲನ’. ನಿಘಂಟಿನ ಮಟ್ಟಿಗೆ ಸರಿ, ತರಗತಿಯಲ್ಲಿ ತಪ್ಪು. ಪ್ರತಿಫಲನ ಎಂದ ಕೂಡಲೇ ಕಣ್ಣಿಗೆ ಬರುವುದು ಕನ್ನಡಿ. ಕನ್ನಡಿ ಇದ್ದದ್ದನ್ನು ಇದ್ದಹಾಗೆ ತೋರಿಸುತ್ತದೆ. ಕಲಿಯುವವರೂ ಹಾಗೆಯೇ ಗಿಳಿಪಾಠ ಒಪ್ಪಿಸುತ್ತಾರೆ. ಒಂದು ಮಾದರಿ ನೋಡಿ. ಸಮಾಲೋಚನೆಗೆ ಬಂದವರು ಹೇಳುತ್ತಾರೆ: “ಪೇಟೆಗೆ ಹೋದರೆ ಒಂದು ಕ್ವಾಟರ್ ಹಾಕದೆ ಬಸ್ಸು ಹತ್ತಲಿಕ್ಕೆ ಆಗುವುದಿಲ್ಲ. ಮಗಳು ಈಗೀಗ ಹತ್ತಿರ ಕೂತುಕೊಳ್ಳುವುದೂ ಇಲ್ಲ.”

ಇದಕ್ಕೆ ಸಮಾಲೋಚಕರು “ಕ್ವಾಟರ್ ಹಾಕದೆ ಆಗುವುದಿಲ್ಲ” ಎಂದರೆ ಅದು ಬರೀ ಪ್ರತಿಧ್ವನಿ. ಅದಕ್ಕಿಂತ ಕೆಟ್ಟದ್ದೆಂದರೆ, ಕುಡಿತವನ್ನು ಎತ್ತಿಹಿಡಿಯುವ ಅರ್ಧವನ್ನೇ ಅದು ಗಟ್ಟಿ ಮಾಡುತ್ತದೆ. “ಮಗಳು ದೂರ ಸರಿದದ್ದು ನಿಮಗೆ ತುಂಬ ತಾಗಿದೆ” ಎಂದರೆ ನಮಗೆ ಬೇಕಾದ ರಿಫ್ಲೆಕ್ಷನ್. ‘ತಾಗಿದೆ’ ಎಂದು ಅವರು ಹೇಳಿಯೇ ಇಲ್ಲ. ಹೇಳಿದ್ದರ ಒಳಗಿಂದ ಎತ್ತಿಕೊಟ್ಟದ್ದು. ಎರಡು ಮಾತಿನಲ್ಲಿ ಯಾವುದನ್ನು ಎತ್ತಬೇಕು ಎಂಬ ಆಯ್ಕೆಯೂ ಅದರಲ್ಲಿ ಉಂಟು. ಕನ್ನಡಿಗೆ ಆಯ್ಕೆ ಎಲ್ಲಿಯದು?

(ಅವರು ಬಳಸಿದ ‘ಕ್ವಾಟರ್’ ನಮ್ಮ ಬಾಯಲ್ಲೂ ಕ್ವಾಟರ್ ಆಗಿಯೇ ಇರಬೇಕು, ‘ಮದ್ಯಸೇವನೆ’ ಆಗಬಾರದು. ಕುಡಿತದ ಮಟ್ಟ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ 10 ಪ್ರಶ್ನೆಗಳ ಆಡಿಟ್ (AUDIT) ಹಾಳೆ ತುಂಬುವಾಗ ಮಾತ್ರ ಲೆಕ್ಕ ಬೇಕು: ಒಂದು ಕ್ವಾಟರ್, ಅಂದರೆ 180 ಮಿಲಿ ವಿಸ್ಕಿ ಎಂದರೆ ಸುಮಾರು 60 ಗ್ರಾಂ ಆಲ್ಕೋಹಾಲ್, ಆ ಹಾಳೆಯ ಅಳತೆಯಲ್ಲಿ 10 ಗ್ರಾಮಿನ ಆರು ಡ್ರಿಂಕ್. ‘ಡ್ರಿಂಕ್’ ಪದವನ್ನು ‘ಪೆಗ್’ ಎಂದು ಅನುವಾದಿಸಿದರೆ 30 ಮಿಲಿಯೋ 60 ಮಿಲಿಯೋ ಎಂದು ಅಂಕವೇ ಏರುಪೇರು.)

ಇಂಗ್ಲಿಷ್ ಕೈಪಿಡಿಗಳು ವಾಕ್ಯದ ಕೊನೆಯಲ್ಲಿ ದನಿ ಇಳಿಸಿ ಎನ್ನುತ್ತವೆ, ಏರಿಸಿದರೆ ಪ್ರಶ್ನೆಯಾಗುತ್ತದೆ ಎಂದು. ಕನ್ನಡದಲ್ಲಿ ದನಿ ಇಳಿಸಿದರಷ್ಟೇ ಸಾಲದು, ಕೊನೆಯ ‘ಅಲ್ವಾ’ವನ್ನೂ ಬಿಡಬೇಕು. “ತಾಗಿದೆ ಅಲ್ವಾ?” ಎಂದು ಎಷ್ಟು ಮೆತ್ತಗೆ ಕೇಳಿದರೂ ಉತ್ತರ “ಹೌದು”, ಅಲ್ಲಿಗೆ ಮಾತು ಮುಗಿಯಿತು. “ತಾಗಿದೆ” ಎಂದು ನಿಲ್ಲಿಸಿ ಮೂರು ಸೆಕೆಂಡು ಸುಮ್ಮನಿದ್ದರೆ ಎದುರಿನವರು ತಾವಾಗಿ ಮುಂದುವರಿಸುತ್ತಾರೆ. ನಮ್ಮ ಕರಾವಳಿಯ ಮಾತಿನಲ್ಲಿ ‘ಅಲ್ವಾ’ ಮರ್ಯಾದೆಯ ಭಾಗ, ಹಾಗಾಗಿ ಬಿಡುವುದು ಕಷ್ಟ. ಅದಕ್ಕೇ ತರಗತಿಯಲ್ಲಿ ಮೂವರ ಗುಂಪು ಮಾಡಿ, ಒಬ್ಬರು ಮಾತಾಡಿ, ಒಬ್ಬರು ಕೇಳಿ, ಮೂರನೆಯವರು ಪೆನ್ನು ಹಿಡಿದು ಪ್ರಶ್ನೆಗೊಂದು, ರಿಫ್ಲೆಕ್ಷನ್ನಿಗೊಂದು ಗೆರೆ ಎಳೆಯಬೇಕು. ‘ಅಲ್ವಾ’ ಬಂದರೆ ಪ್ರಶ್ನೆಯ ಕಡೆಗೆ ಗೆರೆ. ಸಮಾಲೋಚಕರ ಮಾತುಕತೆಯ 20 ನಿಮಿಷದ ರೆಕಾರ್ಡಿಂಗ್ ಕೇಳಿ ಅವರಿಗೆ ಅಂಕ ಕೊಡುವ ಪದ್ಧತಿಯಲ್ಲಿ ಒಂದು ಪ್ರಶ್ನೆಗೆ ಒಂದು ರಿಫ್ಲೆಕ್ಷನ್ ಇದ್ದರೆ ಪರವಾಗಿಲ್ಲ, ಎರಡಿದ್ದರೆ ಚೆನ್ನ. ಒಳಗಿನದನ್ನು ಎತ್ತಿಕೊಡುವ ಬಗೆಯವು ಒಟ್ಟು ರಿಫ್ಲೆಕ್ಷನ್ನುಗಳಲ್ಲಿ ಶೇ. 40 ಆದರೂ ಇರಬೇಕು, 50 ಆದರೆ ಒಳ್ಳೆಯದು. ಎರಡು ದಿನದ ಕಾರ್ಯಾಗಾರ ಮಾಡಿ ಕೈತೊಳೆದುಕೊಂಡರೆ ಕಲಿತದ್ದು ಕೆಲವೇ ತಿಂಗಳಲ್ಲಿ ಕರಗುತ್ತದೆ. ರೆಕಾರ್ಡಿಂಗ್ ಕೇಳಿಸಿ ತಿದ್ದುವವರು ಬೇಕೇ ಬೇಕು.

ವಾಕ್ಯದ ಕೊನೆಗೆ ಬರುವ ಇನ್ನೊಂದು ತುಣುಕು ‘ಅಂತೆ’. “ಬಿಡಬೇಕು” ಎಂದವರಲ್ಲಿ ತಾನು ಬದಲಾಗಬೇಕೆಂಬ ಮಾತು ಮೊಳೆಯುತ್ತಿದೆ. “ಬಿಡಬೇಕಂತೆ” ಎಂದರೆ ಅದು ಹೆಂಡತಿಯ ಅಥವಾ ಡಾಕ್ಟರರ ಮಾತು, ಅವರದಲ್ಲ. ಅದಕ್ಕೆ “ನೀವು ಬಿಡಬೇಕೆಂದಿದ್ದೀರಿ” ಎಂದು ಉತ್ತರಿಸಿದರೆ ಎದುರಿನವರು ಅಲ್ಲಿಯೇ ಮುಚ್ಚಿಕೊಳ್ಳುತ್ತಾರೆ. “ಎಲ್ಲರೂ ಹೇಳಿ ಹೇಳಿ ನಿಮಗೆ ಸಾಕಾಗಿದೆ” ಎಂದರೆ ಬಾಗಿಲು ತೆರೆದೀತು. ಈ ‘ಅಂತೆ’ಯನ್ನು ಇಂಗ್ಲಿಷ್ ಕೈಪಿಡಿ ಕಲಿಸಲಾರದು.

ಪದಕ್ಕೆ ಬರುತ್ತೇವೆ. ಮೊದಲು ಹೊಳೆದದ್ದು ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನದ) ‘ಅರ್ಥ ಹೇಳುವುದು’. ಭಾಗವತರು ಹಾಡಿದ ಪದ್ಯವನ್ನು, ಪಾತ್ರವಾಗಿ ಮಾತಾಡುವ ಅರ್ಥಧಾರಿ ತನ್ನ ಮಾತಿನಲ್ಲಿ ಬಿಡಿಸಿ ಬೆಳೆಸುತ್ತಾನೆ. ಮಂಗಳೂರು–ಉಡುಪಿಯವರಿಗೆ ವಿವರಿಸುವ ಅಗತ್ಯವೇ ಇಲ್ಲ. ತೊಡಕೆಂದರೆ, ಅರ್ಥಧಾರಿ ವಾದಿಸುತ್ತಾನೆ, ಗೆಲ್ಲಲು ನೋಡುತ್ತಾನೆ. ಇಲ್ಲಿ ವಾದ ಹೂಡಿದರೆ ಬಂದವರು ಕುಡಿತದ ಪರವಾಗಿಯೇ ನಿಲ್ಲುತ್ತಾರೆ. ‘ಅನುವಾದ’ಕ್ಕೆ ಸಂಸ್ಕೃತದಲ್ಲಿ ‘ಹೇಳಿದ್ದನ್ನು ಮತ್ತೆ ಹೇಳು’ ಎಂಬ ಅರ್ಥವಿದ್ದರೂ ಇವತ್ತು ಅದು ಭಾಷಾಂತರವೇ. ‘ಹೂಂಗುಟ್ಟು’ ಕೇಳಿಸಿಕೊಂಡದ್ದಕ್ಕೆ ಗುರುತು ಅಷ್ಟೆ.

ಸದ್ಯಕ್ಕೆ ‘ಮರುನುಡಿ’ ಇಟ್ಟಿದ್ದೇವೆ. ನಾಮಪದವೂ ಹೌದು, “ಮರುನುಡಿಯಿರಿ” ಎಂದು ಕ್ರಿಯೆಯೂ ಆಗುತ್ತದೆ. ಅಂಜಿಕೆ ಒಂದೇ: ಹಳಗನ್ನಡದ ‘ಮಾರ್ನುಡಿ’ ಎಂದರೆ ಪ್ರತ್ಯುತ್ತರ, ಇವತ್ತಿನ ‘ಮರುಮಾತು’ ಎಂದರೆ ಎದುರಾಡುವುದು. “ಮರುಮಾತಾಡದೆ ಹೋದ” ಎನ್ನುತ್ತೇವಲ್ಲ. ಆ ನೆರಳು ಮರುನುಡಿಯ ಮೇಲೂ ಬೀಳುತ್ತದೆಯೇ?

ಕೌನ್ಸೆಲಿಂಗಿಗೆ ಬಳಕೆಯಲ್ಲಿರುವ ಇನ್ನೊಂದು ಪದ ‘ಆಪ್ತಸಲಹೆ’ಯ ಬಗ್ಗೆಯೂ ಒಂದು ಮಾತು. ಅನುಮತಿ ಕೇಳದೆ ಸಲಹೆ ಕೊಡಬಾರದು ಎಂಬುದೇ ಈ ತರಬೇತಿಯ ಮೊದಲ ಪಾಠ, ಹುದ್ದೆಯ ಹೆಸರು ಮಾತ್ರ ‘ಆಪ್ತ ಸಲಹೆಗಾರ’! ಪಾರಸಿ–ಅರಬಿಯಿಂದ ಬಂದ ಈ ಸಲಹೆಗೂ ನಮ್ಮ ‘ಸಲಹು’ ಧಾತುವಿಗೂ ನಂಟಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಿತ್ತು. ಕೈಪಿಡಿಯಲ್ಲಿ ‘ಸಮಾಲೋಚಕ’ ಎಂದೇ ಉಳಿಸುತ್ತೇವೆ.

ಕುಂದಾಪುರ, ಕಾರ್ಕಳ, ಪುತ್ತೂರಿನ ಕಡೆಯವರು ನೋಡಿ ಹೇಳಿ: ಒಬ್ಬರ ಮಾತಿನೊಳಗಿನದನ್ನು ಇನ್ನೊಬ್ಬರು ವಾದಕ್ಕಿಳಿಯದೆ ಎತ್ತಿಕೊಡುವುದಕ್ಕೆ ಮನೆಮಾತಿನಲ್ಲಿ ಪದ ಉಂಟೇ? ತುಳು, ಕೊಂಕಣಿ, ಬ್ಯಾರಿಯದ್ದಾದರೂ ಆದೀತು. ಆದರೆ ಕ್ರಿಯಾಪದವೇ ಆಗಿರಬೇಕು, ತರಗತಿಯಲ್ಲಿ ಅದನ್ನು ‘ಮಾಡಿ’ ಎಂದು ಹೇಳಲಿಕ್ಕಿದೆ.